ವಸತಿಗೃಹದ ಕೋಣೆಯಲ್ಲಿ ತಾಯಿಯವರ ದನಿ



ಕಳೆದ ಸಂಕ್ರಮಣದ ಜಾತ್ರೆಗೆಂದು ನಾವು ಧಾರವಾಡದಿಂದ ಸೊಲ್ಲಾಪುರಕ್ಕೆ ಕುಟುಂಬಸಮೇತ ಹೋಗಿದ್ದೆವು. ಸಿದ್ಧರಾಮೇಶ್ವರರ ದರ್ಶನವಾಗಿ ವಸತಿಗೃಹಕ್ಕೆ ಮರಳಿದಾಗ ರಾತ್ರಿ ಹತ್ತಾಗಿತ್ತು. ಮರುದಿನವೇ ನಮ್ಮ ತಾಯಿಯವರು ಲಿಂಗೈಕ್ಯರಾದ ದಿನ. ಪ್ರತಿವರ್ಷ ಆ ಬೆಳಗ್ಗೆ ಇಷ್ಟಲಿಂಗ ಪೂಜೆಯಾದ ಬಳಿಕ ಅವರೇ ಹಾಡಿದ ವಚನಗಳನ್ನು ಕೇಳುವುದು ನಮ್ಮ ಮನೆಯ ರೂಢಿ. ಅವರ ಹನ್ನೊಂದು ಕ್ಯಾಸೆಟ್ಟುಗಳನ್ನು ಮಗನು ಮನೆಯ ಕಂಪ್ಯೂಟರಿಗೆ ಇಳಿಸಿ, ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿಟ್ಟಿದ್ದಾನೆ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವೂ ಅದರಲ್ಲಿದೆ. ಪರಸ್ಥಳದಿಂದಲೂ ಕೇಳಬಹುದೆಂಬುದು ಅವನ ಭರವಸೆ.

ಆ ರಾತ್ರಿ ಏನೂ ಕೇಳಿಸಲಿಲ್ಲ. ಮೊಬೈಲಿನ ಸಿಗ್ನಲ್ ಕೋಣೆಯಲ್ಲಿ ದುರ್ಬಲ. ವೈಫೈ ಮಾತ್ರ ಗತಿ. ವಸತಿಗೃಹದ ವೈಫೈ ಮೊದಲು ಕೋಣೆಯ ಸಂಖ್ಯೆ, ಹೆಸರು ಕೇಳುವ ಪುಟವೊಂದನ್ನು ತೋರಿಸುತ್ತದೆ. ಅದನ್ನು ತುಂಬುವವರೆಗೆ ಹೊರಗಿನ ದಾರಿ ಮುಚ್ಚಿರುತ್ತದೆ. ನಾವೋ ಮನೆಗೆ ಸೇರಿಸುವ ಟೇಲ್‌ಸ್ಕೇಲ್ ಮಾರ್ಗವನ್ನು ಮೊದಲೇ ತೆರೆದು ಕುಳಿತಿದ್ದೆವು. ಬೆಂಗಳೂರಿನಲ್ಲಿರುವ ಮಗನಿಗೆ ಪಡಸಾಲೆಯಿಂದ ದೂರವಾಣಿ ಮಾಡಿದಾಗ, "ಅಪ್ಪಾ, ಅದನ್ನ ಬಂದ್ ಮಾಡ್ರಿ, ಆ ಪುಟ ತುಂಬ್ರಿ, ಆಮೇಲೆ ಚಾಲೂ ಮಾಡ್ರಿ" ಎಂದನು. ಹಾಗೆ ಮಾಡಲು ಪುಟವೇನೋ ಬಂದಿತು, ಮನೆಯ ಕಂಪ್ಯೂಟರು ಮಾತ್ರ ಸಿಗಲಿಲ್ಲ. ಸಂಜೆ ನಮ್ಮ ಓಣಿಯಲ್ಲಿ ಕರೆಂಟು ಹೋಗಿ ಬಂದಿತ್ತಂತೆ. ಯಂತ್ರವು ತಾನಾಗಿ ಏಳಲಿಲ್ಲ. ಬೆಳಗ್ಗೆ ಆರಕ್ಕೆ, ಕೀಲಿಕೈ ಇಟ್ಟುಕೊಂಡಿದ್ದ ನೆರೆಮನೆಯ ಕಾಕಾ ಹೋಗಿ ಗುಂಡಿ ಒತ್ತಿದರು. ಪೂಜೆ ಮುಗಿಯುವ ಹೊತ್ತಿಗೆ ತಾಯಿಯವರ ದನಿ ಕೋಣೆಯಲ್ಲಿ ತುಂಬಿತು. ನಡುವೆ ಅವರು ಕೆಮ್ಮಿದ್ದೂ ಕೇಳಿಸಿತು.

ಇಂಥ ಮಾರ್ಗ ಏಕೆ ಬೇಕೆಂದರೆ, ನಮ್ಮಲ್ಲಿ ಹಲವು ಅಂತರಜಾಲ ಕಂಪನಿಗಳು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತವೆ. ರೌಟರಿನ ಹೊರವಿಳಾಸವು 100.64ರಿಂದ 100.127ರೊಳಗಿನ ಅಂಕಿಗಳಿಂದ ಆರಂಭವಾದರೆ ನಿಮ್ಮದೂ ಹಂಚಿಕೆಯದೇ. ಆಗ ರೌಟರಿನಲ್ಲಿ ದ್ವಾರ ತೆರೆದರೂ ಹೊರಗಿನಿಂದ ಕರೆ ಬಾರದು. ಹಂಚಿಕೆಯಲ್ಲದವರೂ ದ್ವಾರ ತೆರೆದಿಡುವುದನ್ನು ನಾವು ಒಪ್ಪೆವು. ಅಪರಿಚಿತರೂ ಅದನ್ನು ತಟ್ಟುತ್ತಾರೆ. ಟೇಲ್‌ಸ್ಕೇಲ್ ನಮ್ಮದೇ ಸಾಧನಗಳ ನಡುವೆ ಗೂಢಲಿಪಿಯ ಮಾರ್ಗ ಕಟ್ಟುತ್ತದೆ. ವಸತಿಗೃಹದ ಜಾಲದಲ್ಲಿರುವ ಇತರರು ಅದರೊಳಗೆ ಇಣುಕಲಾರರು. ಪ್ಲೆಕ್ಸ್ ಬಳಸುವವರು ಗಮನಿಸಬೇಕು: 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿದ್ದು ಸ್ವಂತ ವಿಡಿಯೋ ನೋಡಲು ಅದರಲ್ಲಿ ಶುಲ್ಕವಿದೆ.

ಕೋಣೆಯ ಟಿ.ವಿ.ಗೆ ಮೊಬೈಲಿನಿಂದ ಚಿತ್ರ ಕಳಿಸಲು ಹೆಣಗಬೇಡಿರಿ. ಅತಿಥಿಗಳ ಸಾಧನಗಳು ಪರಸ್ಪರ ಕಾಣದಂತೆ ಅಲ್ಲಿ ತಡೆ ಹಾಕಿರುವುದುಂಟು, ಅದು ನಮ್ಮ ಒಳಿತಿಗೇ. ಲ್ಯಾಪ್‌ಟಾಪ್ ಇದ್ದರೆ ಎಚ್.ಡಿ.ಎಂ.ಐ. ತಂತಿಯೊಂದು ಸಾಕು.

ಮಗನು ಈಗ ಕಂಪ್ಯೂಟರಿನ ಬಯಾಸ್‌ನಲ್ಲಿ, ಕರೆಂಟು ಮರಳಿದೊಡನೆ ತಾನೇ ಚಾಲೂ ಆಗುವಂತೆ ಹೊಂದಿಸಿದ್ದಾನೆ. ಆದರೂ ನಮ್ಮ ಮನೆಯವರಿಗೆ ನಂಬಿಕೆ ಸಾಲದು. ಒಂದು ಗಂಟೆಯ ಗಾಯನವು 128 ಕಿಲೋಬಿಟ್ ಗುಣಮಟ್ಟದಲ್ಲಿ ಸುಮಾರು 58 ಎಂ.ಬಿ.; ಹನ್ನೊಂದೂ ಕ್ಯಾಸೆಟ್ಟು ಸೇರಿ 640 ದಾಟದು. ಅಷ್ಟನ್ನೂ ತಮ್ಮ ಮೊಬೈಲಿಗೆ ಇಳಿಸಿಕೊಂಡಿದ್ದಾರೆ. ನೆರೆಮನೆಯ ಕಾಕಾ ಅವರ ಬಳಿ ಕೀಲಿಕೈ ಈಗಲೂ ಇದೆ.