ಎರಡು ಶಕ್ತಿ, ನಡುವೆ ಟಿಕೆಟ್ಟು

ಯಲಹಂಕದಿಂದ ಹಿಂದೂಪುರಕ್ಕೆ ದಾರಿ ನೇರ: ದೊಡ್ಡಬಳ್ಳಾಪುರ, ಗೌರಿಬಿದನೂರು, ಅಲ್ಲಿಂದಾಚೆ ಆಂಧ್ರ. ಗೆಳತಿಯ ಮನೆಗೆ ಹಬ್ಬಕ್ಕೋ ನಾಮಕರಣಕ್ಕೋ ಹೊರಟ ಹೆಂಗಸರಿಗೆ ಗಡಿ ಗೊತ್ತಾಗೋದು ಕಂಡಕ್ಟರ್ ಕೈ ಚಾಚಿದಾಗಲೇ!

ಕರ್ನಾಟಕದ 'ಶಕ್ತಿ' ಶುರುವಾದದ್ದು 2023ರ ಜೂನ್ 11ಕ್ಕೆ. ಅಂತರರಾಜ್ಯ ಬಸ್ಸಿಗೆ ಅದು ನಡೆಯದು. ಆಂಧ್ರದ 'ಸ್ತ್ರೀ ಶಕ್ತಿ' 2025ರ ಆಗಸ್ಟ್ 15ಕ್ಕೆ ಬಂತು. ಅದು ಅಲ್ಲಿನ ಗುರುತಿನ ಚೀಟಿ ಇದ್ದವರಿಗೆ. ಹೀಗಾಗಿ ಹಿಂದೂಪುರದ ಬಸ್ಸನ್ನೇ ಹತ್ತಿದರೆ ಗೌರಿಬಿದನೂರಿನವರೆಗಿನ ನಮ್ಮದೇ ರಸ್ತೆಗೂ ದುಡ್ಡು. ಅಲ್ಲಿ ಇಳಿದು ಬಸ್ ಬದಲಾಯಿಸಿದರೆ ಉಳಿತಾಯವೇನೋ ಸರಿ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಇದ್ದವರ ಪಾಡೇನು?

ಉಚಿತ ಟಿಕೆಟ್ಟಿನ ಹಣ ಕಟ್ಟಿಕೊಡೋದು ಆಯಾ ಸರ್ಕಾರ. ನೆರೆಯವರ ಲೆಕ್ಕ ಯಾರೂ ಹೊರೋಲ್ಲ, ನಿಜ. ಆದರೆ ಗಡಿವರೆಗಿನದನ್ನಾದರೂ ಬಿಡಬಹುದಲ್ಲ? ಸ್ಟೇಜು ಯಾವುದೆಂದು ಟಿಕೆಟ್ ಯಂತ್ರಕ್ಕೆ ಗೊತ್ತೇ ಇದೆ.