2,056 ಮತಗಳ ಅಂತರ

ನಮ್ಮ ಬಾಳ್ಳುಪೇಟೆ ಸೇರಿರುವ ಸಕಲೇಶಪುರ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. 2008, 2013, 2018, ಮೂರು ಸಲವೂ ಗೆದ್ದವರು ಜೆಡಿಎಸ್‌ನ ಎಚ್.ಕೆ. ಕುಮಾರಸ್ವಾಮಿ. 2019ರಲ್ಲಿ ಪಕ್ಷದ ರಾಜ್ಯಾಧ್ಯಕ್ಷರೂ ಆದರು. ಹಾಗಂತ ಗೆಲುವು ಸಲೀಸಾಗಿರಲಿಲ್ಲ. 2018ರಲ್ಲಿ ಅಂತರ ಐದು ಸಾವಿರವೂ ಇರಲಿಲ್ಲ. 2023ರ ಮೇ ತಿಂಗಳಲ್ಲಿ ಬಿಜೆಪಿಯ ಸಿಮೆಂಟ್ ಮಂಜು (ಹೆಸರು ಮಂಜುನಾಥ್, ಊರಿಗೆಲ್ಲಾ ಸಿಮೆಂಟ್ ಮಂಜುವೇ) ಅವರನ್ನು 2,056 ಮತಗಳಿಂದ ಸೋಲಿಸಿದರು. ಕಾಂಗ್ರೆಸ್ ಮೂರನೇ ಸ್ಥಾನಕ್ಕೆ ಹೋಯಿತು.

ಅದೇ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಹೋಗಿ ಬಿಜೆಪಿ ಜೊತೆ ಸೇರಿತು! ಬಿಜೆಪಿ ಬರಬಾರದು ಅಂತ ತೆನೆ ಹೊತ್ತ ಮಹಿಳೆಗೆ ಓಟು ಒತ್ತಿದ ನಮ್ಮವರನ್ನು ಯಾರಾದರೂ ಒಂದು ಮಾತು ಕೇಳಿದರಾ? ಮೈತ್ರಿ ಉಳಿದರೆ ಮುಂದಿನ ಸಲ ಇಬ್ಬರಲ್ಲಿ ಒಬ್ಬರಿಗೇ ಟಿಕೆಟ್. ಆಗ ನಮ್ಮ ಓಟು ಯಾರ ಜೇಬಿನಲ್ಲೂ ಇಲ್ಲ ಅಂತ ಎಲ್ಲ ಪಕ್ಷದವರಿಗೂ ಗೊತ್ತಾಗಬೇಕು. ಬರೀ ಚಿಹ್ನೆ ನೋಡುವ ಅಭ್ಯಾಸ ಸಾಕು. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆಗೆ ಹೆದರಿ ಬೆಳಿಗ್ಗೆ ಕೆಲಸಕ್ಕೆ ಹೊರಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಬಾಗಿಲಿಗೆ ಬಂದವರನ್ನು ಮೊದಲು ಅದನ್ನೇ ಕೇಳಿ. ಮನೆಯಲ್ಲಿ 18 ತುಂಬಿದ ಮಕ್ಕಳ ಹೆಸರು ಮತದಾರರ ಪಟ್ಟಿಯಲ್ಲಿದೆಯಾ, ಈ ವಾರವೇ ನೋಡಿ.