‘ಅಂಗಡಿಯವರನ್ನು ಕೇಳಿ’ ಎಂದ ಲೈಸೆನ್ಸ್ ಅಧಿಕಾರಿಗಳಿಗೆ ಬಹಿರಂಗ ಪತ್ರ



ಮೆಹಕರ, ಭಾಲ್ಕಿ, ಔರಾದ ಕಡೆಯ ಆಯುಧ ಲೈಸೆನ್ಸ್‌ದಾರರು ಆಯುಧ ಮತ್ತು ಮದ್ದುಗುಂಡಿನ ಸುರಕ್ಷತೆಯ ತರಬೇತಿ ಕೇಳಿ ಕೊಟ್ಟ ಮನವಿ, ಆಮೇಲಿನ ನೆನಪೋಲೆಗಳು, ದೀಪಾವಳಿಯೊಳಗೆ ತರಬೇತಿ ಏರ್ಪಡಿಸುವುದಾಗಿ ತಾವು ಕೊಟ್ಟ ಮಾತು, ಇವೆಲ್ಲ ಈ ಭಾಗದವರಿಗೆ ಗೊತ್ತಿರುವುದೇ. ಹಬ್ಬ ಹೋಯಿತು, ತರಬೇತಿ ಬರಲಿಲ್ಲ. ಬಂದದ್ದು ‘ಕಾಡತೂಸಿನ ವಿಷಯ ಅಂಗಡಿಯವರನ್ನು ಕೇಳಿ’ ಎಂಬ ಒಂದು ಸಾಲಿನ ಉತ್ತರ. ಆ ಸಾಲು ಎಷ್ಟು ಅಪಾಯಕಾರಿ ಎಂದು ತಿಳಿಸಲು ಈಗ ಬಹಿರಂಗವಾಗಿ ಬರೆಯಬೇಕಾಗಿದೆ.

ಲೈಸೆನ್ಸ್ ಪುಸ್ತಕದಲ್ಲಿ ಸಾಮಾನ್ಯವಾಗಿ ‘.32 ರಿವಾಲ್ವರ್’ ಎಂದಷ್ಟೇ ಬರೆದಿರುತ್ತದೆ. ಆದರೆ .32 ಎಂಬುದು ಕಾಡತೂಸಿನ ಪೂರ್ತಿ ಹೆಸರಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರಿಗೂ, 2014ರಲ್ಲಿ ಹೆಣ್ಣುಮಕ್ಕಳಿಗೆಂದು ಬಂದ ನಿರ್ಭೀಕ್‌ಗೂ ಬೇಕಾದದ್ದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಅದರ ಹಿತ್ತಾಳೆಯ ಕೋಶ ಸುಮಾರು 23 ಮಿ.ಮೀ. ಉದ್ದ, ಬುಡದ ಸುತ್ತ ಎದ್ದು ಕಾಣುವ ಅಂಚು. ಸರ್ಕಾರಿ ಕಾರ್ಖಾನೆಗಳದೇ .32 ಪಿಸ್ತೂಲಿಗೆ ಹಾಕುವ ಎಸಿಪಿ ಕಾಡತೂಸಿನ ಕೋಶ 17 ಮಿ.ಮೀ., ಅಂಚೂ ಕಿರಿದು. ದಪ್ಪದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪಿಸ್ತೂಲಿನದು ಕೆಲವು ರಿವಾಲ್ವರುಗಳ ಸಿಲಿಂಡರಿನಲ್ಲಿ ಸಲೀಸಾಗಿ ಹೋಗಿ ಕೂರುತ್ತದೆ. ಕೂತದ್ದೇ ಸರಿ ಎಂದುಕೊಂಡವನು ಕೆಟ್ಟ. ಅಮೆರಿಕದ ತಯಾರಕರ ಮಾನದಂಡದಂತೆ ಲಾಂಗ್‌ನ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್, ಎಸಿಪಿಯದು 20,500. ಕಾನ್ಪುರದ ರಿವಾಲ್ವರ್ ಹಳೆಯ ವೆಬ್ಲಿ ಮಾದರಿಯದು, ನಳಿಗೆಯನ್ನು ಬಗ್ಗಿಸಿ ತೆರೆಯುವಂಥದು. ಮದ್ದಿನ ಹೆಚ್ಚುವರಿ ಹೊಡೆತವನ್ನು ಅದರ ಕೀಲು ಮತ್ತು ಚಿಲಕವೇ ತಡೆದುಕೊಳ್ಳಬೇಕು.

ಅಂಗಡಿಯವರಿಗೆ ಇದೆಲ್ಲ ಗೊತ್ತಿರುತ್ತದಲ್ಲ ಎನ್ನಬಹುದು. ಹೊಸ ಡಬ್ಬಿ ಕೊಳ್ಳುವವರ ಮಟ್ಟಿಗೆ ಒಪ್ಪೋಣ. ತಂದೆಯ ಆಯುಧದ ಜೊತೆ ಕಪಾಟಿನಲ್ಲಿ ಉಳಿದ, ಡಬ್ಬಿಯೇ ಇಲ್ಲದ ಕಾಡತೂಸುಗಳ ಗತಿಯೇನು? ಅವುಗಳ ಬುಡದಲ್ಲಿ ಒತ್ತಿದ ಅಕ್ಷರ ಓದಲು ಬರಬೇಕು. ‘ಕೆಎಫ್’ ಎಂದಿದ್ದರೆ ಪುಣೆಯ ಖಡಕಿ ಕಾರ್ಖಾನೆಯದು. ಆದರೆ ಆ ಮುದ್ರೆ ತಯಾರಕರನ್ನು ಹೇಳುತ್ತದೆಯೇ ಹೊರತು ನಿಮ್ಮ ಆಯುಧಕ್ಕೆ ಹೊಂದುತ್ತದೆಂದು ಹೇಳುವುದಿಲ್ಲ. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ, ಕೋಶದ ಬಾಯಿ ಸೀಳಿದ್ದರೆ, ಗುಂಡು ಬೆರಳಿಗೆ ಅಲುಗಾಡಿದರೆ ಅದನ್ನು ತುಂಬಲೇಬಾರದು. ಕುದುರೆ ಎಳೆದಾಗ ಸದ್ದು ಟುಸ್ಸೆಂದರೆ ಅಲ್ಲಿಗೇ ನಿಲ್ಲಿಸಬೇಕು: ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯಬಹುದು. ಇದು ಕೌಂಟರಿನ ಮುಂದೆ ನಿಂತು ಎರಡು ನಿಮಿಷದಲ್ಲಿ ಕಲಿಯುವ ವಿದ್ಯೆಯೇ?

ಆಯುಧಗಳೇ ಕಡಿಮೆಯಾಗಬೇಕು, ಕಲಿಸುವುದೇಕೆ ಎಂಬ ಮಾತೂ ಬಂದಿದೆ. ಕಡಿಮೆಯಾಗಲಿ. ಆಯುಧ ಕಾಯ್ದೆಯ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು ಸರಿಯೇ. ಆದರೆ ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಅಂದರೆ ನವೀಕರಣಕ್ಕೆ ಬಂದವರನ್ನು ಕೂರಿಸಿ ನಾಲ್ಕು ಮಾತು ಹೇಳುವ ಅವಕಾಶವೂ ಅಪರೂಪವಾಯಿತು. ಮನೆಯಲ್ಲಿ ಈಗಾಗಲೇ ಇರುವ ಆಯುಧ ನಿಮ್ಮ ಮೌನದಿಂದ ಸುರಕ್ಷಿತವಾಗುವುದಿಲ್ಲ.

ತರಬೇತಿ ನಾವು ಬೇಡುತ್ತಿರುವ ದಾನವಲ್ಲ. ಅರ್ಜಿದಾರರು ಆಯುಧ ಮತ್ತು ಮದ್ದುಗುಂಡಿನ ಸುರಕ್ಷತೆಯ ತರಬೇತಿ ಪಡೆಯಬೇಕೆಂದು 2016ರ ಆಯುಧ ನಿಯಮಗಳ 10ನೇ ನಿಯಮವೇ ಹೇಳುತ್ತದೆ. ಹೊಸಬರಿಗೆ ಅಷ್ಟು ಅಗತ್ಯವಾದದ್ದು ಆ ನಿಯಮಕ್ಕೂ ಮೊದಲು ಲೈಸೆನ್ಸ್ ಪಡೆದ ಹಿರಿಯರಿಗೆ ಬೇಡವೇ? ಅದನ್ನೇ ಕೇಳಿದೆವು. ತಾವು ಒಪ್ಪಿದಿರಿ. ಒಪ್ಪಿದ ಮೇಲೆ ಅಂಗಡಿಯತ್ತ ಕೈ ತೋರಿಸಿದಿರಿ. ಲೈಸೆನ್ಸಿಗೆ ಸಹಿ ಹಾಕುವವರು ಅಂಗಡಿಯವರಲ್ಲ, ತಾವು.

ನಮ್ಮಂಥ ಗಡಿ ತಾಲ್ಲೂಕಿನವರಿಗೆ ಹೇಗೆ ಉತ್ತರಿಸಿದರೂ ನಡೆಯುತ್ತದೆ ಎಂಬ ಧೋರಣೆ ಈ ವಿಷಯಕ್ಕಷ್ಟೇ ಸೀಮಿತವಲ್ಲ. ರಸ್ತೆ, ಬಸ್ಸು, ಆಸ್ಪತ್ರೆಯ ಅರ್ಜಿಗಳೂ ಹೀಗೇ ತಿರುಗುತ್ತಿವೆ. ಸದ್ಯಕ್ಕೆ ಇಷ್ಟು ಮಾಡಿ. ಲೈಸೆನ್ಸ್ ಪುಸ್ತಕದಲ್ಲಿ ಕಾಡತೂಸಿನ ಪೂರ್ತಿ ಹೆಸರು ಬರೆಸಿ. ಹಾಳಾದ ಕಾಡತೂಸುಗಳನ್ನು ಎಲ್ಲಿ ಒಪ್ಪಿಸಬೇಕೆಂದು ಕನ್ನಡದಲ್ಲೂ ಮರಾಠಿಯಲ್ಲೂ ಪ್ರಕಟಿಸಿ. ತರಬೇತಿ ಯಾವತ್ತು ಎಂದು ಲಿಖಿತವಾಗಿ ತಿಳಿಸಿ. ಈ ಸಲ ಹಬ್ಬದ ಹೆಸರು ಬೇಡ, ತಾರೀಖು ಬೇಕು.

ಇತಿ,
ಮೆಹಕರದ ಒಬ್ಬ ಲೈಸೆನ್ಸ್‌ದಾರ